ತೊಗರಿಯ ಗೊಡ್ಡು ರೋಗಕ್ಕೆ ಪರಭಕ್ಷಕ ನುಸಿ ಬಿಡಬೇಕೇ?

"ಪರಭಕ್ಷಕ ನುಸಿ ಆನ್‌ಲೈನ್‌ನಾಗ ಸಿಗ್ತಾವಂತ್ರಿ. ತರಿಸಿ ತೊಗರಿಗೆ ಬಿಟ್ಟರ ಗೊಡ್ಡು ರೋಗ ಹೋಗ್ತದೇನ್ರಿ?" ಸೇಡಂ, ಚಿತ್ತಾಪುರ ಕಡೆಯ ತರುಣ ರೈತರಿಂದ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಹೋಗೋದಿಲ್ಲ ಅನ್ನೋದೇ ನನ್ನ ಉತ್ತರ. ಆದರೆ ಅದೇ ನುಸಿ ನಿಮ್ಮ ಬದನೆ, ಬೆಂಡೆಯಲ್ಲಿ ದುಡ್ಡು ಉಳಿಸಬಲ್ಲದು. ಯಾವ ನುಸಿ ಏನು ತಿನ್ನುತ್ತದೆ ಅಂತ ಗೊತ್ತಾದರೆ ಈ ಲೆಕ್ಕ ಅರ್ಥವಾಗುತ್ತದೆ.

ನುಸಿ ಕೀಟವಲ್ಲ. ಎಂಟು ಕಾಲಿನ ಇದು ಜೇಡ, ಉಣ್ಣೆಗಳ ಬಳಗ. ಬೆಳೆಗೆ ಸಹಾಯ ಮಾಡುವ ಪರಭಕ್ಷಕ ನುಸಿಗಳಲ್ಲಿ ಬಹುಪಾಲು ಫೈಟೋಸಿಯಿಡೇ ಅನ್ನುವ ಒಂದೇ ಕುಟುಂಬದವು. ಅದರಲ್ಲೇ ಎರಡು ಸಾವಿರಕ್ಕಿಂತ ಹೆಚ್ಚು ಜಾತಿಗಳಿವೆ. ಬೆನ್ನಿನ ಮೇಲಿನ ಕೂದಲು ಎಣಿಸಿ ಜಾತಿ ಗುರುತಿಸುವುದು ವಿಜ್ಞಾನಿಗಳ ಕೆಲಸ, ನಮಗೆ ಅದರ ಉಪಯೋಗ ಕಡಿಮೆ. ಅಮೆರಿಕದ ಮೆಕ್‌ಮರ್ಟ್ರಿ ಮತ್ತು ಕ್ರಾಫ್ಟ್ 1997ರಲ್ಲಿ ಇವನ್ನು ಊಟದ ಮೇಲೆ ನಾಲ್ಕು ಗುಂಪು ಮಾಡಿದರು. 2013ರಲ್ಲಿ ಅದು ಪರಿಷ್ಕರಣೆಯೂ ಆಯಿತು. ರೈತನಿಗೆ ಬೇಕಾದ ವಿಂಗಡಣೆ ಇದು.

ಮೊದಲ ಗುಂಪು ಒಂದೇ ಊಟದವು. ಫೈಟೋಸೀಯುಲಸ್ ಪರ್ಸಿಮಿಲಿಸ್ ಇದಕ್ಕೆ ಉದಾಹರಣೆ. ಬಲೆ ನೇಯುವ ಕೆಂಪು ನುಸಿ ಬಿಟ್ಟರೆ ಬೇರೆ ಮುಟ್ಟೋದಿಲ್ಲ. ಅದು ಮುಗಿದರೆ ಜಾಗ ಬಿಡುತ್ತದೆ, ಇಲ್ಲವೇ ಉಪವಾಸ ಸಾಯುತ್ತದೆ. ತಂಪು, ತೇವ ಇರುವ ಪಾಲಿಹೌಸ್‌ಗೆ ಚೆನ್ನ. ನಮ್ಮ 40 ಡಿಗ್ರಿ ದಾಟುವ ಒಣ ಬೇಸಿಗೆಯಲ್ಲಿ ಅದರ ಆಟ ನಡೆಯೋದಿಲ್ಲ. ಎರಡನೆಯ ಗುಂಪು ಕೆಂಪು ನುಸಿಯನ್ನೇ ಇಷ್ಟಪಟ್ಟರೂ, ಅದು ಕಡಿಮೆಯಾದಾಗ ಬೇರೆ ನುಸಿ ತಿಂದು ಬದುಕಬಲ್ಲದು. ನಮ್ಮ ದೇಶದ್ದೇ ಆದ ನಿಯೋಸೀಯುಲಸ್ ಲಾಂಜಿಸ್ಪೈನೋಸಸ್ ಈ ಗುಂಪಿನದು. ಮೂರನೆಯವು ಸಿಕ್ಕಿದ್ದು ತಿನ್ನುವವು: ಥ್ರಿಪ್ಸ್ ಮರಿ, ಬಿಳಿನೊಣದ ಮೊಟ್ಟೆ, ಸಣ್ಣ ನುಸಿ, ಪರಾಗ ಎಲ್ಲಾ ನಡೀತದ. ನಾಲ್ಕನೆಯವಕ್ಕೆ ಪರಾಗವೇ ಮುಖ್ಯ ಊಟ, ಬೇಟೆ ಉಪ್ಪಿನಕಾಯಿ ಇದ್ದಂಗ. ಔಡಲದ ಪರಾಗ ಹಾಕಿ ಇಂಥ ನುಸಿಗಳನ್ನು ಲ್ಯಾಬ್‌ನಲ್ಲಿ ಸಾಕುವುದುಂಟು.

ಈಗ ನಮ್ಮ ಹೊಲಕ್ಕೆ ಬರೋಣ. ವಾಡಿ, ಶಹಾಬಾದ್ ಸುತ್ತ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಲಾರಿ ಓಡಾಟ. ಎಲೆ ಮೇಲೆ ಧೂಳು ಕೂತಷ್ಟೂ ಕೆಂಪು ನುಸಿಗೆ ಅನುಕೂಲ, ಅದನ್ನು ತಿನ್ನುವ ಮಿತ್ರ ಜೀವಿಗಳಿಗೆ ತೊಂದರೆ. ರಸ್ತೆ ಪಕ್ಕದ ಬದನೆ ಸಾಲುಗಳಲ್ಲಿ ಎಲೆಯ ಮೇಲೆ ಬಿಳಿ ಚುಕ್ಕೆ, ಕೆಳಗೆ ಸಣ್ಣ ಬಲೆ ಕಂಡರೆ ಅದೇ. ಔಷಧಿ ಅಂಗಡಿಗೆ ಓಡುವ ಮುಂಚೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಹಿಡಿದು ಎಲೆ ತಿರುವಿ ನೋಡ್ರಿ. ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಆದರೂ ನಡೆಯುತ್ತದೆ. ಮೈಮೇಲೆ ಕಪ್ಪು ಮಚ್ಚೆ ಇದ್ದು ನಿಧಾನ ಸರಿಯುವುದು ಶತ್ರು. ಹೊಳೆಯುವ, ಪೇರಲ ಹಣ್ಣಿನ ಆಕಾರದ, ಸರಸರ ಓಡಾಡುವುದು ಮಿತ್ರ. ಮಿತ್ರ ನುಸಿ ಅಲ್ಲಲ್ಲಿ ಕಂಡರೆ ನಾಲ್ಕು ದಿನ ತಡೀರಿ. ಹಣ್ಣು ಕೊರಕಕ್ಕೆ ಅಂತ ಸೈಪರ್‌ಮೆಥ್ರಿನ್‌ನಂಥ ಎಣ್ಣೆ ಮೇಲಿಂದ ಮೇಲೆ ಹೊಡೆದರೆ ಮಿತ್ರ ನುಸಿ ಮೊದಲು ಸಾಯುತ್ತದೆ. ಆಮೇಲೆ ಕೆಂಪು ನುಸಿ ಉಕ್ಕಿ ಬರುತ್ತದೆ. "ಎಣ್ಣೆ ಹೊಡೆದ ಮ್ಯಾಲೇ ಜಾಸ್ತಿ ಆತ್ರಿ" ಅಂತ ರೈತರು ಹೇಳೋದು ಸುಳ್ಳಲ್ಲ.

ತೊಗರಿಯ ಕಥೆ ಬೇರೆ. ಗೊಡ್ಡು ರೋಗ ತರುವುದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಅಸೇರಿಯ ಕಜಾನಿ ಅನ್ನುವ ನುಸಿ. ಇದಕ್ಕೆ ನಾಲ್ಕೇ ಕಾಲು, ಉದ್ದ ಸುಮಾರು 0.2 ಮಿಲಿಮೀಟರ್. ಫೋನ್ ಕ್ಯಾಮರಾಕ್ಕೂ ಸಿಗೋದಿಲ್ಲ. ಬಲೆ ನೇಯೋದಿಲ್ಲ, ಗಾಳಿಯಲ್ಲಿ ತೇಲಿ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಮೊದಲ ಗುಂಪಿನ ಪರಭಕ್ಷಕ ಇದನ್ನು ಊಟ ಅಂತ ಎಣಿಸೋದೇ ಇಲ್ಲ. ಮೂರನೆಯ ಗುಂಪಿನವು ಈ ಜಾತಿಯ ಸಣ್ಣ ನುಸಿಗಳನ್ನು ತಿನ್ನುತ್ತವೆ, ನಿಜ. ಆದರೆ ಯಾವ ಪರಭಕ್ಷಕವೂ ಬೇಟೆಯನ್ನು ಪೂರ್ತಿ ಮುಗಿಸೋದಿಲ್ಲ. ಇಲ್ಲಿ ಉಳಿದ ಒಂದೇ ನುಸಿ ಕೂಡ ರೋಗ ದಾಟಿಸಬಲ್ಲದು. ಬದನೆಯಲ್ಲಿ ನೂರು ನುಸಿ ಹತ್ತಕ್ಕೆ ಇಳಿದರೆ ಗೆಲುವು. ತೊಗರಿಯಲ್ಲಿ ಆ ಹತ್ತೇ ಸಾಕು ಹೊಲ ಕೆಡಿಸಲಿಕ್ಕೆ.

ಬಿತ್ತಿದ 45 ದಿನದೊಳಗೆ ರೋಗ ಬಂದ ಗಿಡ ಹೆಚ್ಚುಕಡಿಮೆ ಪೂರ್ತಿ ಗೊಡ್ಡೇ. ಎಲೆ ಸಣ್ಣದಾಗಿ, ಹಳದಿ-ಹಸಿರು ಮಚ್ಚೆ ಬಿದ್ದು, ಗಿಡ ಪೊದೆಯಂತೆ ಬೆಳೆಯುತ್ತದೆ. ಹೂವಿಲ್ಲ, ಕಾಯಿಲ್ಲ. ಅಂಥ ಗಿಡ ಕಂಡ ಕೂಡಲೇ ಕಿತ್ತು ಹೊಲದಿಂದ ಆಚೆ ಒಯ್ದು ಹಾಕ್ರಿ. ರೋಗ ಬೀಜದಿಂದ ಬರೋದಿಲ್ಲ, ಹಾಗಾಗಿ ಬೀಜೋಪಚಾರದಿಂದ ಇದು ತಡೆಯೋದಿಲ್ಲ. ಅಸಲಿ ಜಾಗ ಬೇರೆ: ಕೊಯ್ಲಾದ ಮೇಲೆ ಉಳಿದ ಕೂಳೆಯ ಚಿಗುರು, ಬದುವಿನಲ್ಲಿ ತಾನೇ ಹುಟ್ಟಿದ ತೊಗರಿ, ಹಿತ್ತಲಿನ ಹಳೆ ಗಿಡ. ಬೇಸಿಗೆ ಪೂರ್ತಿ ನುಸಿಯೂ ವೈರಸ್ಸೂ ಅಲ್ಲೇ ಕೂತಿರುತ್ತವೆ. ಚಿಂಚೋಳಿ ಕಡೆ ನೀರಿನಾಸರೆ ಇರುವಲ್ಲಿ ಇಂಥ ಗಿಡ ಬೇಸಿಗೆಯಲ್ಲೂ ಹಸಿರಾಗೇ ಇರುತ್ತವೆ. ಮೇ ತಿಂಗಳೊಳಗೆ ಅವನ್ನು ತೆಗೀರಿ. ನಿಮ್ಮೊಬ್ಬರ ಹೊಲದಾಗ ಮಾಡಿದರೆ ಅರ್ಧ ಕೆಲಸ, ಪಕ್ಕದವರನ್ನೂ ಒಪ್ಪಿಸ್ರಿ.

ತಳಿಯ ಮಾತು. ನೆಟೆ ರೋಗ ತಡೆಯುವ ಮಾರುತಿ ತಳಿ ಗೊಡ್ಡು ರೋಗಕ್ಕೆ ಬಹಳ ಬೇಗ ಬಲಿಯಾಗುತ್ತದೆ. ಹೋದ ವರ್ಷ ಗೊಡ್ಡು ಕಂಡ ಹೊಲಕ್ಕೆ ನಾನು ಅದನ್ನು ಹೇಳೋದಿಲ್ಲ. ಬಿಎಸ್‌ಎಂಆರ್-736 ಎರಡೂ ರೋಗ ತಡೆಯಲಿಕ್ಕೆಂದೇ ಬೆಳೆಸಿದ ತಳಿ, ಆದರೆ ಅವಧಿ ಉದ್ದ. ತೇವ ಬೇಗ ಆರುವ ತೆಳು ಮಣ್ಣಿಗೆ ಕಷ್ಟ, ಆಳದ ಕಪ್ಪು ಎರೆಗೆ ಸರಿ. ನುಸಿನಾಶಕ ಹೊಡೆಯುವುದಾದರೆ ಹಳೆಯ ಪುಸ್ತಕದ ಡೈಕೋಫಾಲ್ ಹುಡುಕಬೇಡ್ರಿ, ಕೇಂದ್ರ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿದೆ. ಈಗಿನ ಶಿಫಾರಸು ಮತ್ತು ಪ್ರಮಾಣವನ್ನು ಕಲಬುರಗಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳ್ರಿ. ಹೋಗುವಾಗ ರೋಗದ ಟೊಂಗೆಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಯ್ಯಿರಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ನುಸಿ ಹಂಚಿಕೊಂಡು ಹೋದಂಗಾಗ್ತದ.