ಹಾಲೋ, ಹಾಳೋ?

ಅಜ್ಜಿ ಫೋನಿನಲ್ಲಿ "ಹಾಲು ಕುಡಿದೆಯಾ ಪುಟ್ಟಾ?" ಎಂದದ್ದು ಹೇಗೆ ಕೇಳಿಸುತ್ತದೆ ಎಂದು ಮಕ್ಕಳು ಕೇಳಿದರೆ ಹೀಗೆ ಹೇಳಿ. ಮಾತೆಂದರೆ ಗಾಳಿಯ ನಡುಕ. ಅದು ತಗುಲಿದಾಗ ಕಿವಿಯ ತಮಟೆ ಅದುರುತ್ತದೆ. ಅದರ ಹಿಂದಿನ ಮೂರು ಪುಟಾಣಿ ಮೂಳೆಗಳು (ಮೈಯಲ್ಲೇ ಅತಿ ಚಿಕ್ಕ ಮೂಳೆ ಇಲ್ಲಿದೆ!) ಆ ನಡುಕವನ್ನು ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ, ದ್ರವ ತುಂಬಿದ ಕೊಳವೆಗೆ ದಾಟಿಸುತ್ತವೆ. ಅಲ್ಲಿರುವ ಸುಮಾರು 15,000 ಜೀವಕೋಶಗಳ ಕೂದಲೆಳೆಗಳು ಗಾಳಿಗೆ ರಾಗಿ ತೆನೆ ತೂಗಿದಂತೆ ಬಾಗುತ್ತವೆ. ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಜೋರು ಸದ್ದಿಗೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹೆಡ್‌ಫೋನ್ ಪ್ರಿಯರಿಗೆ ಇದನ್ನು ಎರಡು ಸಲ ಹೇಳಿ.

ಇಷ್ಟು ಕಿವಿಯ ಕೆಲಸ. 'ಹಾಲು' ಯಾವುದು, 'ಹಾಳು' ಯಾವುದು ಎಂದು ವಿಂಗಡಿಸುವುದು ಮಿದುಳು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ 6-8 ತಿಂಗಳ ಕೂಸುಗಳು ಹಿಂದಿಯ ತ-ಟ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. 10-12 ತಿಂಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಹಿಂದಿ ಕೇಳುತ್ತ ಬೆಳೆದ ಕೂಸುಗಳಿಗೆ ವರ್ಷ ತುಂಬುವಾಗಲೂ ತಿಳಿಯುತ್ತಿತ್ತು.

ಅಂದರೆ ನಮ್ಮ ಕನ್ನಡ ಶಾಲೆಗೆ ಸೇರಿಸುವ ಎಷ್ಟೋ ಮೊದಲೇ, ತೊಟ್ಟಿಲಲ್ಲೇ ಪಾಠ ಶುರುವಾಗಿರುತ್ತದೆ. ದೊಡ್ಡ ಮಕ್ಕಳಿಗೆ ಬಾಗಿಲು ಮುಚ್ಚಿಲ್ಲ, ಅಭ್ಯಾಸ ಹೆಚ್ಚು ಬೇಕು ಅಷ್ಟೆ. ಕಣ್ಣು ಮುಚ್ಚಿಸಿ 'ಬೆಲೆ-ಬೆಳೆ', 'ಕೊಲೆ-ಕೊಳೆ' ಆಟ ಆಡಿಸಿ ನೋಡಿ.