ಮರಳಿನ ಮೇಲೆ ಮಹಿಳೆಯರ ಕಾಲ್ಚೆಂಡಾಟ

ಪೋರ್ತುಗಲ್ ದೇಶದ ನಜಾರೆ ಎಂಬ ಕಡಲೂರು ಪರ್ವತಾಕಾರದ ಅಲೆಗಳಿಗೆ ಪ್ರಸಿದ್ಧವಾದುದು. ಯೂರೋಪಿನ ನಾನಾ ದೇಶಗಳ ಕ್ಲಬ್ಬುಗಳ ಮಹಿಳೆಯರು ಮರಳಿನ ಮೇಲೆ ಕಾಲ್ಚೆಂಡಾಡುವ ಪಂದ್ಯಾವಳಿಯೂ ಅಲ್ಲಿ ನಡೆದಿರುವುದನ್ನು ನಮ್ಮ ವಾಚಕರಲ್ಲಿ ಬಲ್ಲವರು ವಿರಳ. ಪುರುಷರ ಕ್ಲಬ್ಬುಗಳಿಗೆ 2013ರಲ್ಲಿಯೇ ಏರ್ಪಟ್ಟ ಇಂತಹ ಪಂದ್ಯಾವಳಿಯು ಮಹಿಳೆಯರಿಗೆ ದೊರೆತುದು 2016ರಲ್ಲಿ.

ಪಕ್ಷಕ್ಕೆ ಐವರು, ಕಾಲಿಗೆ ಪಾದರಕ್ಷೆಯಿಲ್ಲ, 12 ನಿಮಿಷಗಳ ಮೂರು ಅವಧಿಗಳು. ಮರಳಿನಲ್ಲಿ ಚೆಂಡು ನೆಟ್ಟಗೆ ಉರುಳದಾದುದರಿಂದ ಬಹುಮಟ್ಟಿಗೆ ಅದನ್ನು ಮೇಲೆತ್ತಿಯೇ ಆಡಬೇಕು. ಹೆಜ್ಜೆಹೆಜ್ಜೆಗೂ ಕಾಲು ಹೂಳುವ ನೆಲದಲ್ಲಿ ಓಡಲು ಬೇಕಾದ ಕಸುವು ಅಲ್ಪವಲ್ಲ.

ಇಂತಹ ಆಟ ಸ್ತ್ರೀಯರಿಗೆ ಸಲ್ಲದೆಂಬ ಮಾತು ಹಳೆಯದು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ನಗರದಲ್ಲಿ ಮಹಿಳೆಯರ ಪಂದ್ಯವೊಂದನ್ನು ನೋಡಲು ಸುಮಾರು 53,000 ಜನ ನೆರೆದರು. ಮರುವರ್ಷವೇ ಇಂಗ್ಲೆಂಡಿನ ಕಾಲ್ಚೆಂಡು ಸಂಘವು ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಅವರು ಆಡಕೂಡದೆಂದು ವಿಧಿಸಿತು. ಅರ್ಧ ಶತಮಾನದ ಬಳಿಕವೇ ಆ ವಿಧಿ ಸಡಿಲಿತು. ಮರಳಾಟದ ತವರಾದ ಬ್ರೆಜಿಲಿನಲ್ಲಿಯೂ 1941ರ ಶಾಸನದ ಬಲದಿಂದ 1979ರವರೆಗೆ ಸ್ತ್ರೀಯರ ಕಾಲ್ಚೆಂಡಾಟ ನಿಷಿದ್ಧವಾಗಿದ್ದಿತು.

ಪ್ರೇಕ್ಷಕರ ಕೊರತೆಯಿಂದಲಾಗಲಿ ಕಸುವಿನ ಕೊರತೆಯಿಂದಲಾಗಲಿ ಆ ಮೈದಾನಗಳು ಬರಿದಾಗಲಿಲ್ಲ. ಅವಕಾಶವನ್ನು ಕಿತ್ತುಕೊಂಡು, ಅನಂತರ ಅಶಕ್ತರೆಂದು ಹೆಸರಿಡುವುದು ಯಾವ ನ್ಯಾಯ? ಹೆಣ್ಣುಮಕ್ಕಳ ಶಾಲೆಗೆ ಆಟದ ಬಯಲು ಅನಾವಶ್ಯಕವೆಂದು ಬರೆಯುವ ಅಧಿಕಾರಿಗಳು ಇದನ್ನು ಮನನ ಮಾಡಬೇಕು.