ಕಲಿಕೆಯನ್ನೇ ಕಲಿಯುವ ಶಾಸ್ತ್ರ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ವಾಚಕರು ಚರಿತ್ರೆಯ ಪಾಠದಲ್ಲಿ ಓದಿರಬಹುದು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳು ಕ್ರಿಸ್ತಪೂರ್ವ ಮೂರನೆಯ ಶತಮಾನದವು. ತಂದೆತಾಯಿಗಳ ಮಾತಿಗೆ ವಿಧೇಯರಾಗಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬ ಉಪದೇಶಗಳೊಡನೆ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಅವುಗಳಲ್ಲಿದೆ.

ಅಲ್ಲಿಂದ ನೆರೆಯ ಚಳ್ಳಕೆರೆ ತಾಲ್ಲೂಕಿಗೆ ಬಂದರೆ, ನಾಯಕನಹಟ್ಟಿಯ ಸಮೀಪದಲ್ಲಿ ಕುದಾಪುರವೆಂಬ ಗ್ರಾಮವಿದೆ. ಒಂದು ಕಾಲಕ್ಕೆ ಅಮೃತಮಹಲ್ ಕಾವಲಾಗಿದ್ದ ಇಲ್ಲಿಯ ಹುಲ್ಲುಗಾವಲಿನಲ್ಲಿ ಸುಮಾರು 1,500 ಎಕರೆಗಳಷ್ಟು ನೆಲದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಹರಡಿಕೊಂಡಿದೆ. ಈ ಆವರಣದಲ್ಲಿ 2011ರಿಂದ ನಡೆದುಬಂದಿರುವ 'ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್' ಎಂಬ ಕೇಂದ್ರಕ್ಕೆ ಶಾಲಾ ಕಾಲೇಜುಗಳ ವಿಜ್ಞಾನ ಮತ್ತು ಗಣಿತದ ಅಧ್ಯಾಪಕರು ತಂಡತಂಡವಾಗಿ ಬಂದು, ಅಲ್ಲಿಯೇ ತಂಗಿ, ತಾವು ಪಾಠ ಹೇಳುವ ವಿಷಯಗಳ ಪ್ರಯೋಗಗಳನ್ನು ಸ್ವತಃ ಮಾಡಿ ನೋಡಿ ಹಿಂದಿರುಗುತ್ತಾರೆ. ಹೀಗೆ ತರಬೇತಿ ಪಡೆದವರ ಸಂಖ್ಯೆ ಸಾವಿರಗಳನ್ನು ಮೀರಿದೆ.

ಶಿಷ್ಯನ ಕರ್ತವ್ಯವೇನೆಂಬುದನ್ನು ಹಿಂದಿನವರು ಬಂಡೆಯ ಮೇಲೆ ಕೊರೆದಿಟ್ಟರು. ಆದರೆ ಆಚಾರ್ಯನು ಹೇಳಿದ ಮಾತು ಶಿಷ್ಯನ ಮನಸ್ಸಿನೊಳಗೆ ಹೋಗಿ ಏನಾಗುತ್ತದೆ? ತರಬೇತಿ ಪಡೆದ ಅಧ್ಯಾಪಕರು ಊರಿಗೆ ಮರಳಿದ ಮೇಲೆ ಅವರ ತರಗತಿಯ ಮಕ್ಕಳ ತಿಳಿವಳಿಕೆ ನಿಜವಾಗಿಯೂ ಹೆಚ್ಚುತ್ತದೆಯೆ? ಹೆಚ್ಚಿತೆಂಬುದನ್ನು ಅಳೆಯುವ ಬಗೆ ಯಾವುದು? ಇಂಥ ಪ್ರಶ್ನೆಗಳನ್ನು ಪ್ರಯೋಗ ಮತ್ತು ಅಳತೆಗಳ ಮೂಲಕ ವಿವೇಚಿಸುವುದಕ್ಕೆಂದೇ ಶಿಕ್ಷಣಶಾಸ್ತ್ರವೂ ಶಿಕ್ಷಣ ಮನಃಶಾಸ್ತ್ರವೂ ಹುಟ್ಟಿವೆ. ವಿಜ್ಞಾನದ ಪದವಿ ಪಡೆದವರು ಈ ಶಾಸ್ತ್ರಗಳ ಉನ್ನತ ವ್ಯಾಸಂಗಕ್ಕೆ ಹೋಗಬಹುದೆಂಬ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ಹೋಗುವ ದಾರಿ ಯಾವುದು, ಅರ್ಜಿ ಸಲ್ಲಿಸುವವನಲ್ಲಿ ಏನಿರಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಶಾಸ್ತ್ರವು ಬೆಳೆದ ಬಗೆ

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದನು. 1905ರಲ್ಲಿ ಪ್ಯಾರಿಸ್ಸಿನ ಬಿನೆ ಮತ್ತು ಸೈಮನ್ ಎಂಬುವರು ಮಕ್ಕಳ ಬುದ್ಧಿಯನ್ನು ಅಳೆಯುವ ಮೊದಲ ಪ್ರಶ್ನಾವಳಿಯನ್ನು ರಚಿಸಿದರು. ನಮ್ಮ ನಾಡು ಈ ವಿಷಯದಲ್ಲಿ ಬಹಳ ಹಿಂದೆ ಬೀಳಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿಯೇ ಡಾ. ಎಂ. ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಮನಃಶಾಸ್ತ್ರದ ವಿಭಾಗವು ಆರಂಭವಾಯಿತು. ಮುಂದೆ 1930ರ ದಶಕದಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ತಕ್ಕಂತೆ ಮಾರ್ಪಡಿಸಿದರು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಹಾಗೆಯೇ ಭಾಷಾಂತರಿಸಿ ಕನ್ನಡದ ಮಗುವಿಗೆ ಕೇಳಿದರೆ, ಅಳೆದಂತಾಗುವುದು ಬುದ್ಧಿಯನ್ನಲ್ಲ, ಪರಿಚಯವನ್ನು. ಈ ಪಾಠವು ಇಂದಿಗೂ ಹಳೆಯದಾಗಿಲ್ಲ.

ಈ ಶಾಸ್ತ್ರದ ಫಲಗಳು ವಿದ್ಯಾರ್ಥಿಗಳಿಗೆ ನೇರವಾಗಿ ಒದಗಿಬರತಕ್ಕವು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು ಒಂದು ಪ್ರಯೋಗ ನಡೆಸಿದರು. ಪಾಠವನ್ನು ಒಂದು ರೀತಿಯಲ್ಲಿ ಎರಡು ಸಲ ಓದಿಸಿದರು. ಇನ್ನೊಂದು ರೀತಿಯಲ್ಲಿ ಒಂದು ಸಲ ಓದಿಸಿ, ಪುಸ್ತಕ ನೋಡದೆ ನೆನಪಿದ್ದುದನ್ನು ಬರೆಯಿಸಿದರು. 5 ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಅವರ ನೆನಪು ಶೇಕಡಾ 81, ಬರೆದವರದು ಶೇಕಡಾ 75. ಆದರೆ ಒಂದು ವಾರದ ಬಳಿಕ ಲೆಕ್ಕವು ತಿರುಗಿತು: ಓದಿದವರಲ್ಲಿ ಉಳಿದುದು ಶೇಕಡಾ 42, ಬರೆದವರಲ್ಲಿ ಶೇಕಡಾ 56. ಮತ್ತೆ ಮತ್ತೆ ಓದುವಾಗ 'ನನಗೆಲ್ಲ ಬಂತು' ಎಂಬ ಭಾವನೆ ಹುಟ್ಟುತ್ತದೆ. ಆ ಭಾವನೆಯೇ ಕಲಿಕೆಯಲ್ಲ.

ಮೇಲೆಸೆದ ಕಲ್ಲು

ಭೌತಶಾಸ್ತ್ರದಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ನೂರು ಗ್ರಾಂ ತೂಗುವ ಕಲ್ಲೊಂದನ್ನು ನೇರವಾಗಿ ಮೇಲಕ್ಕೆ ಎಸೆಯುತ್ತೇವೆ. ಕೈಬಿಟ್ಟ ಮೇಲೆ ಅದು ಏರುತ್ತಿರುವಾಗ ಅದರ ಮೇಲೆ ವರ್ತಿಸುವ ಬಲಗಳು ಯಾವುವು? ಗಾಳಿಯ ತಡೆಯನ್ನು ಬಿಟ್ಟರೆ ಭೂಮಿಯ ಆಕರ್ಷಣೆಯೊಂದೇ. ಅದು ಸುಮಾರು 1 ನ್ಯೂಟನ್, ಕೆಳಮುಖವಾಗಿ. ಅತ್ಯುನ್ನತ ಬಿಂದುವಿನಲ್ಲಿ ಕಲ್ಲಿನ ವೇಗವು ಕ್ಷಣಕಾಲ ಸೊನ್ನೆಯಾದರೂ ಬಲವು ಅದೇ 1 ನ್ಯೂಟನ್. ಆದರೆ ಬಹುಮಂದಿ ವಿದ್ಯಾರ್ಥಿಗಳು 'ಏರುವಾಗ ಕೈಯಿಂದ ಬಂದ ಬಲ ಕಲ್ಲಿನಲ್ಲಿರುತ್ತದೆ, ಅದು ತೀರಿದಾಗ ಕಲ್ಲು ನಿಲ್ಲುತ್ತದೆ' ಎನ್ನುತ್ತಾರೆ. ನ್ಯೂಟನ್ನನ ನಿಯಮಗಳನ್ನು ಒಪ್ಪಿಸಬಲ್ಲವರೂ ಹೀಗೆನ್ನುವುದುಂಟು. ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಇಂಥದೇ ಪ್ರಶ್ನೆಯಿಂದ, ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿಯೂ ಈ ಕಲ್ಪನೆ ಬೇರೂರಿರುವುದನ್ನು ತೋರಿಸಿದನು.

1992ರಲ್ಲಿ ಹೆಸ್ಟೀನ್ಸ್ ಮತ್ತು ಸಂಗಡಿಗರು ಇಂಥ ಪ್ರಶ್ನೆಗಳನ್ನೇ ಕೂಡಿಸಿ, ಬಲದ ಪರಿಕಲ್ಪನೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಇದನ್ನೂ ಇದರ ಹಿಂದಿನ ರೂಪವನ್ನೂ ಬಳಸಿ ದೊರೆತ ಫಲಿತಾಂಶಗಳನ್ನು, 62 ತರಗತಿಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಂದ ಸಂಗ್ರಹಿಸಿ, ರಿಚರ್ಡ್ ಹೇಕ್ 1998ರಲ್ಲಿ ವಿಶ್ಲೇಷಿಸಿದನು. ಅವನು ಬಳಸಿದ ಅಳತೆಯು ಸರಳವಾದುದು. ಪಾಠಕ್ಕೆ ಮೊದಲು ತರಗತಿಯ ಸರಾಸರಿ 40 ಅಂಕ, ಬಳಿಕ 54 ಎಂದಿಟ್ಟುಕೊಳ್ಳೋಣ. ಗಳಿಸಬಹುದಾಗಿದ್ದುದು 60, ಗಳಿಸಿದ್ದು 14; ಆದುದರಿಂದ ಲಾಭಾಂಶವು 14ನ್ನು 60ರಿಂದ ಭಾಗಿಸಿದರೆ ಬರುವ 0.23. ಅಧ್ಯಾಪಕನು ಹೇಳುತ್ತ ಹೋಗುವ, ವಿದ್ಯಾರ್ಥಿಗಳು ಕೇಳುತ್ತ ಕೂಡುವ ತರಗತಿಗಳಲ್ಲಿ ಹೇಕ್‌ಗೆ ದೊರೆತ ಸರಾಸರಿಯೂ 0.23 ಆಗಿತ್ತು. ವಿದ್ಯಾರ್ಥಿಗಳು ತಾವೇ ಊಹಿಸಿ, ಚರ್ಚಿಸಿ, ಪರೀಕ್ಷಿಸುವ ತರಗತಿಗಳಲ್ಲಿ ಅದು 0.48, ಎಂದರೆ ಎರಡರಷ್ಟು. ಅಧ್ಯಾಪಕರನ್ನು ಪ್ರಯೋಗದ ಮೇಜಿನ ಮುಂದೆ ನಿಲ್ಲಿಸುವ ಕುದಾಪುರದಂಥ ಪ್ರಯತ್ನದ ಅರ್ಥವು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡ ವಿದ್ಯಾರ್ಥಿಯ ಕೈಯಲ್ಲಿರುವ ಪ್ರಶ್ನೆ

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮೇಲಿನ ಸಂಶೋಧನೆಗಳು ನಡೆದುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ 'ಬಲ' ಎಂಬ ಪದಕ್ಕೆ ಬಲಗೈಯ ಬಲವೆಂದೂ ಅರ್ಥ, ಮೈಯ ಕಸುವೆಂದೂ ಅರ್ಥ. ಮಾತಿನಲ್ಲಿ 'ಶಕ್ತಿ'ಗೂ ಇದಕ್ಕೂ ಭೇದವಿಲ್ಲ. ಪಾಠದಲ್ಲಿ ಅವು ಬೇರೆ ಬೇರೆ. ಅಂಗಡಿಯಲ್ಲಿ 'ತೂಕ'ವನ್ನು ಕಿಲೋಗ್ರಾಂಗಳಲ್ಲಿ ಹೇಳುತ್ತೇವೆ. ತರಗತಿಯಲ್ಲಿ ಕಿಲೋಗ್ರಾಂ 'ದ್ರವ್ಯರಾಶಿ'ಗೆ ಸಲ್ಲುತ್ತದೆ, ತೂಕಕ್ಕೆ ನ್ಯೂಟನ್. ಶೇಂಗಾ ಮೂಟೆಯನ್ನು ಹೊತ್ತು ಅಲುಗದೆ ನಿಂತವನು 'ಕೆಲಸ'ವನ್ನೇ ಮಾಡಲಿಲ್ಲವೆಂದರೆ ಚಳ್ಳಕೆರೆಯ ಹಮಾಲಿ ನಕ್ಕಾನು. 'ಜವ' ಎಂಬುದನ್ನು ಪಠ್ಯಪುಸ್ತಕದ ಹೊರಗೆ ಕೇಳುವುದು ಅಪರೂಪ.

ಹತ್ತನೆಯ ತರಗತಿಯವರೆಗೆ ಈ ಪದಗಳಲ್ಲಿ ಕಲಿತ ಹುಡುಗಿಯು ಪಿ.ಯು.ಸಿ.ಗೆ ಬಂದೊಡನೆ ಅವೆಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ಆಗ ಅವಳ ಮನಸ್ಸಿನಲ್ಲಿ ಹಳೆಯ ಕಲ್ಪನೆಗಳು ಮಾಯವಾಗುತ್ತವೆಯೆ, ಹೊಸ ಪದಗಳಿಗೆ ಅಂಟಿಕೊಳ್ಳುತ್ತವೆಯೆ, ಅಥವಾ ಎರಡೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಉಳಿಯುತ್ತವೆಯೆ? ಇದು ಅಳೆದು ಉತ್ತರಿಸಬಹುದಾದ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಓದಿದೆನೆಂದು ಸಂಕೋಚಪಡುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಈ ಶಾಸ್ತ್ರದಲ್ಲಿ ಆ ಅನುಭವವು ಕುಂದಲ್ಲ. ಬೇರೆಯವರಿಗೆ ಸುಲಭವಾಗಿ ದೊರೆಯದ ಸಾಮಗ್ರಿ.

ಓದುವ ದಾರಿಗಳು

ಈ ವ್ಯಾಸಂಗಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳುಂಟು. ಮೊದಲನೆಯದು ಬಿ.ಎಡ್. ಮುಗಿಸಿ ಎಂ.ಎಡ್. ಓದುವುದು. ಅಧ್ಯಾಪಕರ ತರಬೇತಿ ಕಾಲೇಜುಗಳಲ್ಲಿ ಪಾಠ ಹೇಳಬಯಸುವವರಿಗೆ ಇದು ಅಗತ್ಯ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿಯೂ ಹಲವು ವಿಶ್ವವಿದ್ಯಾಲಯಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಕಾಲೇಜಿಗೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ಮನ್ನಣೆ ಇದೆಯೇ ಎಂಬುದನ್ನು ಹಣ ಕಟ್ಟುವ ಮುನ್ನ ನೋಡತಕ್ಕದ್ದು. ವ್ಯಾಸಂಗದ ಅವಧಿಯ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯೇ ಪ್ರಮಾಣ.

ಎರಡನೆಯದು ಶಿಕ್ಷಣಶಾಸ್ತ್ರದ ಎಂ.ಎ. ಇದಕ್ಕೆ ಸಾಮಾನ್ಯವಾಗಿ ಬಿ.ಎಡ್. ಬೇಕಿಲ್ಲ. 2010ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಪ್ರವೇಶ ಪರೀಕ್ಷೆ ಮತ್ತು ಸಂದರ್ಶನಗಳ ಮೂಲಕ ಇದಕ್ಕೆ ಆಯ್ಕೆ ಮಾಡುತ್ತದೆ; ಕುಟುಂಬದ ಆದಾಯವನ್ನು ನೋಡಿ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಆದರೆ ಈ ಪದವಿಯೊಂದರಿಂದಲೇ ಸರ್ಕಾರಿ ಪ್ರೌಢಶಾಲೆಯ ಅಧ್ಯಾಪಕ ಹುದ್ದೆಗೆ ಅರ್ಹತೆ ಬರುವುದಿಲ್ಲ, ಅದಕ್ಕೆ ಬಿ.ಎಡ್. ಬೇಕೇ ಬೇಕು. ಇದನ್ನು ತಿಳಿಯದೆ ಸೇರಿದವರು ಅನಂತರ ಎರಡು ವರ್ಷಗಳ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.

ಮೂರನೆಯದು ಮನಃಶಾಸ್ತ್ರದ ಸ್ನಾತಕೋತ್ತರ ಪದವಿ. ಕೆಲವು ವಿಶ್ವವಿದ್ಯಾಲಯಗಳು ಪದವಿಯಲ್ಲಿಯೂ ಮನಃಶಾಸ್ತ್ರವಿರಬೇಕೆನ್ನುತ್ತವೆ, ಕೆಲವು ಎನ್ನುವುದಿಲ್ಲ. ಕಲಬುರಗಿಯ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರೀಯ ಸಂಸ್ಥೆಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯುಂಟು. ಈ ಪದವಿಯಿಂದ ಮಾನಸಿಕ ರೋಗಗಳ ಚಿಕಿತ್ಸೆಯ ಅಧಿಕಾರ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಅದರ ತರಬೇತಿ, ನೋಂದಣಿಗಳು ಬೇರೆ.

ನಾಲ್ಕನೆಯ ದಾರಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮುಂತಾದವುಗಳಲ್ಲಿ ಎಂ.ಎಸ್ಸಿ. ಮಾಡಿದವರಿಗೆ. 1974ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ವಿಜ್ಞಾನದ ಕಲಿಕೆಯ ಮೇಲೆಯೇ ಪಿಎಚ್.ಡಿ. ಮಾಡಬಹುದು.

ಅರ್ಜಿಯಲ್ಲಿ ಏನಿರಬೇಕು?

ಅಂಕಪಟ್ಟಿ, ಪ್ರವೇಶ ಪರೀಕ್ಷೆಗಳು ಎಲ್ಲ ಶಾಸ್ತ್ರಗಳಿಗೂ ಸಮಾನ. ಇಲ್ಲಿ ಹಲವು ಕಡೆ ವಿಶೇಷವಾಗಿ ನೋಡುವುದು ಅಭ್ಯರ್ಥಿಯು ಬರೆದುಕೊಡುವ ಉದ್ದೇಶಪತ್ರವನ್ನು, ಅಥವಾ ಸಂದರ್ಶನದಲ್ಲಿ ಅವನು ಹೇಳುವ ಮಾತನ್ನು. 'ಚಿಕ್ಕಂದಿನಿಂದಲೂ ನನಗೆ ಬೋಧನೆಯೆಂದರೆ ಪ್ರೀತಿ. ಶಿಕ್ಷಕ ವೃತ್ತಿಯು ಪವಿತ್ರವಾದುದು' ಎಂಬ ಮಾತು ಸುಳ್ಳಲ್ಲ. ಆದರೆ ನೂರು ಅರ್ಜಿಗಳಲ್ಲಿಯೂ ಅದೇ ಇರುವುದರಿಂದ ಅದು ಯಾರನ್ನೂ ಗುರುತಿಸಿಕೊಡದು. ಅದರ ಬದಲು, 'ನಮ್ಮ ಊರಿನ ಒಂಬತ್ತನೆಯ ತರಗತಿಯ ಇಪ್ಪತ್ತು ಮಕ್ಕಳಿಗೆ ಮೇಲೆಸೆದ ಕಲ್ಲಿನ ಪ್ರಶ್ನೆಯನ್ನು ಕೇಳಿದೆ; ಅವರ ಉತ್ತರಗಳು ಈ ಮೂರು ಬಗೆಯಾಗಿದ್ದವು; ಬಲ ಎಂಬ ಪದದ ಬದಲು ನೂಕು, ಎಳೆ ಎಂಬ ಮಾತುಗಳನ್ನು ಬಳಸಿದರೆ ಉತ್ತರ ಬದಲಾಗುವುದೇ ಎಂಬುದನ್ನು ತಿಳಿಯಬಯಸುತ್ತೇನೆ' ಎಂದು ಬರೆದವನು ಆಗಲೇ ಶಾಸ್ತ್ರದ ಹೊಸ್ತಿಲೊಳಗೆ ಕಾಲಿಟ್ಟಿದ್ದಾನೆ. ಇಂಥ ಪುಟ್ಟ ವಿಚಾರಣೆಗೆ ಪ್ರಯೋಗಾಲಯ ಬೇಡ. ಮುಖ್ಯೋಪಾಧ್ಯಾಯರ ಅನುಮತಿ, ಕಾಗದ, ತಾಳ್ಮೆ ಇವಿಷ್ಟು ಸಾಕು. ಇಪ್ಪತ್ತು ಮಕ್ಕಳಿಂದ ನಾಡಿಗೆಲ್ಲ ಅನ್ವಯಿಸುವ ತೀರ್ಮಾನಕ್ಕೆ ಬರಬಾರದೆಂಬ ಎಚ್ಚರವನ್ನೂ ಪತ್ರದಲ್ಲಿ ಸೂಚಿಸಿದರೆ ಇನ್ನೂ ಲೇಸು.

ಶಿಫಾರಸು ಪತ್ರಗಳನ್ನು ದೊಡ್ಡ ಹುದ್ದೆಯವರಿಂದ ಪಡೆಯುವುದಕ್ಕಿಂತ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಅಧ್ಯಾಪಕರಿಂದ ಪಡೆಯುವುದು ಮೇಲು. ಒಂದು ತಿಂಗಳು ಮೊದಲೇ ಕೇಳಿ, ನಿಮ್ಮ ಉದ್ದೇಶಪತ್ರದ ಪ್ರತಿಯನ್ನೂ ಕೊಡಿ. ಮಧ್ಯಮಾನ, ಪ್ರಮಾಣ ವಿಚಲನೆ, ಸಹಸಂಬಂಧ ಎಂಬ ಸಂಖ್ಯಾಶಾಸ್ತ್ರದ ಮೂಲಪಾಠಗಳು ತಿಳಿದಿರಲಿ. ವಿಜ್ಞಾನದ ಪದವೀಧರರಿಗೆ ಇದು ಕಷ್ಟವಲ್ಲ. ಗ್ರಂಥಗಳೂ ಸಂಶೋಧನ ಲೇಖನಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ದಿನಕ್ಕೆರಡು ಪುಟವಾದರೂ ಆ ಭಾಷೆಯಲ್ಲಿ ಓದುವ ಅಭ್ಯಾಸವನ್ನು ಒಂದು ವರ್ಷ ಮುಂಚಿತವಾಗಿಯೇ ಆರಂಭಿಸಬೇಕು. ಕಾಲೇಜಿನಲ್ಲಿ ಪಾಠ ಹೇಳುವ ಅಥವಾ ಸಂಶೋಧನೆ ನಡೆಸುವ ಉದ್ದೇಶವಿದ್ದವರು ಯು.ಜಿ.ಸಿ.ಯ ನೆಟ್ ಪರೀಕ್ಷೆಯನ್ನು ಗಮನದಲ್ಲಿಡಬೇಕು. ಶಿಕ್ಷಣಶಾಸ್ತ್ರ, ಮನಃಶಾಸ್ತ್ರ ಎರಡೂ ಅದರ ವಿಷಯಗಳಾಗಿವೆ. 2024ರಿಂದ ಅದರ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸಲಾಗುತ್ತಿದೆ.

ಪಾಠ ತಿಳಿಯದ ಮಗುವನ್ನು ದಡ್ಡನೆಂದು ಕರೆದು ಮುಂದೆ ಹೋಗುವುದು ಸುಲಭ. ಆ ಒಂದು ಮಾತಿನಿಂದ ಎಷ್ಟೋ ಮಕ್ಕಳು ವಿಜ್ಞಾನವನ್ನು, ಕೆಲವರು ಶಾಲೆಯನ್ನೇ ಬಿಟ್ಟಿದ್ದಾರೆ. ತಿಳಿಯದಿರುವುದಕ್ಕೂ ಕಾರಣವುಂಟು, ಆ ಕಾರಣವನ್ನು ಹುಡುಕಬಹುದು, ಹುಡುಕಿದರೆ ಬೋಧನೆಯನ್ನು ತಿದ್ದಬಹುದು ಎಂಬುದೇ ಈ ಶಾಸ್ತ್ರದ ತಳಹದಿ. ನಮ್ಮ ವಾಚಕರಲ್ಲಿ ಯಾರಿಗಾದರೂ ತಮ್ಮ ತರಗತಿಯಲ್ಲಿ ಇಂಥ ಪ್ರಶ್ನೆಯೊಂದು ಹೊಳೆದಿದ್ದರೆ, ಅದನ್ನು ಇಂದೇ ಒಂದು ಹಾಳೆಯ ಮೇಲೆ ಬರೆದಿಡಲಿ. ಅರ್ಜಿಯ ಮೊದಲ ಸಾಲು ಅದೇ ಆಗಬಹುದು.